ಕಣ್ಣಿನೊಳಗೊಂದು ಕಣಿ

ನನ್ನ ತಂದೆಯವರು ಓದುವಾಗ ಸಾಲಿನ ಅಡಿಯಲ್ಲಿ ಮರದ ಅಡಿಕೋಲೊಂದನ್ನು ಇಟ್ಟುಕೊಳ್ಳುತ್ತಿದ್ದರು. 34 ವರ್ಷ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು ಅವರು. ಒಂದು ಸಾಲು ಮುಗಿದೊಡನೆ ಅಡಿಕೋಲು ಕೆಳಕ್ಕೆ ಸರಿಯುತ್ತಿತ್ತು. ಕಣ್ಣು ಅದರ ಎಡತುದಿಗೆ ಮರಳಿ ಹೊಸ ಸಾಲನ್ನು ಹಿಡಿಯುತ್ತಿತ್ತು. ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈಗೆ ಅಂಟಿಕೊಂಡ ಮೇಷ್ಟ್ರ ಅಭ್ಯಾಸವಿದು ಎಂದು ನಾವೆಲ್ಲ ತಿಳಿದಿದ್ದೆವು. ಅದು ಅಭ್ಯಾಸವಲ್ಲ, ಊರುಗೋಲು ಎಂಬುದು ಅರಿವಿಗೆ ಬರುವಷ್ಟರಲ್ಲಿ ಅವರ ಬಲಗಣ್ಣಿನ ದೃಷ್ಟಿ ಬಹುಪಾಲು ಹೋಗಿಯಾಗಿತ್ತು.

ಬೇರೆ ಸೂಚನೆಗಳೂ ಇದ್ದವು. ಮೇಜಿನ ಅಂಚಿನಲ್ಲಿಟ್ಟ ಚಹಾದ ಲೋಟಕ್ಕೆ ಅವರ ಕೈ ತಗಲಿ ಅದು ಉರುಳುತ್ತಿತ್ತು. ಸಾವಿರ ಸಲ ದಾಟಿದ ಹೊಸಿಲನ್ನು ಎಡವುತ್ತಿದ್ದರು. ಅಂಗಳದಲ್ಲಿ ಪಕ್ಕದಿಂದ ನಡೆದುಬಂದ ಪರಿಚಿತರನ್ನು ಮಾತನಾಡಿಸದೆ ಹೋಗುತ್ತಿದ್ದರು. 'ಮಾಷ್ಟ್ರಿಗೆ ನಿವೃತ್ತಿಯ ಮೇಲೆ ಗತ್ತು ಬಂದಿದೆ' ಎಂದು ಊರವರು ಆಡಿಕೊಂಡದ್ದೂ ಉಂಟು. ಚಹಾ ಚೆಲ್ಲಿದ ದಿನಗಳಲ್ಲಿ ನಾನು ಅವರನ್ನು ಗದರಿಸಿದ್ದೇನೆ. 'ಗಮನ ಎಲ್ಲಿಟ್ಟಿದ್ದೀರಿ, ಅಪ್ಪ?' ಎಂದು ಕೇಳಿದ್ದೇನೆ. ತರಗತಿಯಲ್ಲಿ ಅವರೇ ಮಕ್ಕಳನ್ನು ಕೇಳುತ್ತಿದ್ದ ಪ್ರಶ್ನೆಯದು. ಅವರು ಏನೂ ಹೇಳದೆ ಒದ್ದೆ ಬಟ್ಟೆ ತಂದು ನೆಲವನ್ನು ಒರಸುತ್ತಿದ್ದರು. ಈ ಬರಹವನ್ನು ಬರೆಯುವುದಕ್ಕೆ ಮೂಲ ಕಾರಣ ಆ ಮೌನವೆಂದರೂ ಸಲ್ಲುತ್ತದೆ.

ವಿಷಯ ಬೆಳಕಿಗೆ ಬಂದದ್ದು ಯಕ್ಷಗಾನದ ಬಯಲಿನಲ್ಲಿ. 2016ರ ಚಳಿಗಾಲ. ದೇವೀಮಹಾತ್ಮೆಯ ಬಯಲಾಟ. ತೆಂಕುತಿಟ್ಟಿನಲ್ಲಿ ಮಹಿಷಾಸುರನು ಚೌಕಿಯಿಂದ ನೇರವಾಗಿ ರಂಗಕ್ಕೆ ಬರುವವನಲ್ಲ ಎಂಬುದು ನಿಮಗೆ ಗೊತ್ತು. ಸಭೆಯ ನಡುವಿನಿಂದ, ದೊಂದಿಗಳ ಬೆಂಕಿಯಲ್ಲಿ, ಅಬ್ಬರಿಸುತ್ತ ಬರುತ್ತಾನೆ. ಜನರೆಲ್ಲ ಒಮ್ಮೆಲೇ ಎಡಕ್ಕೆ ತಿರುಗಿದರು. ಮಕ್ಕಳು ಕಿರುಚಿದರು. ಅಪ್ಪ ಮಾತ್ರ ನೇರ ಮುಂದಕ್ಕೆ ನೋಡುತ್ತ 'ಎಲ್ಲಿ, ಎಲ್ಲಿ?' ಎನ್ನುತ್ತಿದ್ದರು. ದೊಂದಿಯ ಶಾಖ ಕೆನ್ನೆಗೆ ತಾಗಿ, ವೇಷವು ಅವರ ಮಗ್ಗುಲಿನಿಂದಲೇ ಹಾದು ಮುಂದಕ್ಕೆ ಬಂದ ಮೇಲೆ ಬೆಚ್ಚಿಬಿದ್ದರು. ನಾನು ನಕ್ಕೆ. ಪಕ್ಕದಲ್ಲಿದ್ದ ಸೋದರಮಾವ ನಗಲಿಲ್ಲ. ಮರುವಾರವೇ ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದವರು ಆ ಮಾವ.

ಅದಕ್ಕೆ ಮೊದಲು ಮೂರು ಸಲ ಕನ್ನಡಕ ಬದಲಾಯಿಸಿದ್ದಾಗಿತ್ತು. ಗೋಡೆಯ ಮೇಲಿನ ಅಕ್ಷರಗಳನ್ನು ಅಪ್ಪ ಕೊನೆಯ ಸಾಲಿನವರೆಗೂ ಓದುತ್ತಿದ್ದುದರಿಂದ ಕಣ್ಣು ಚೆನ್ನಾಗಿದೆ ಎಂದೇ ಹೇಳಿ ಕಳುಹಿಸುತ್ತಿದ್ದರು. ನೇರದ ನೋಟವನ್ನು ಕೊನೆಯವರೆಗೂ ಉಳಿಸಿಕೊಟ್ಟು, ಅಂಚುಗಳಿಂದ ಒಳಕ್ಕೆ ತಿಂದುಕೊಂಡು ಬರುವುದು ಗ್ಲಾಕೋಮಾದ ಸ್ವಭಾವ. ಮಂಗಳೂರಿನಲ್ಲಿ ಕಣ್ಣಿನ ಒತ್ತಡ ನೋಡಿದರು, ನರವನ್ನು ನೋಡಿದರು, ಬಳಿಕ ದೃಷ್ಟಿಕ್ಷೇತ್ರದ ಪರೀಕ್ಷೆ. ಒಂದು ಬಿಳಿಯ ಅರ್ಧಗೋಲದೊಳಕ್ಕೆ ಮುಖವಿಟ್ಟು, ನಡುವಿನ ಗುರುತನ್ನೇ ನೋಡುತ್ತ, ಅಲ್ಲಲ್ಲಿ ಮಿನುಗುವ ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿಯೊತ್ತಬೇಕು. ಹೊರಗೆ ಬಂದ ಅಪ್ಪ ಪರೀಕ್ಷೆಯಲ್ಲಿ ನೂರಕ್ಕೆ ನೂರು ಅಂಕ ತೆಗೆದ ಹುಡುಗನಂತೆ, 'ಒಂದನ್ನೂ ಬಿಡಲಿಲ್ಲ, ಎಲ್ಲ ಚುಕ್ಕಿಗಳಿಗೂ ಒತ್ತಿದೆ' ಎಂದರು. ಮುದ್ರಿತವಾಗಿ ಬಂದ ಹಾಳೆಯಲ್ಲಿ ಬಲಗಣ್ಣಿನ ಚಿತ್ರ ಬಹುತೇಕ ಕಪ್ಪಾಗಿತ್ತು. ಎಡಗಣ್ಣಿನದು ಅರ್ಧ ಕಪ್ಪಾಗಿತ್ತು.

ಅವರು ಸುಳ್ಳು ಹೇಳಿರಲಿಲ್ಲ. ಕಂಡ ಚುಕ್ಕಿಗಳಿಗೆಲ್ಲ ಒತ್ತಿದ್ದರು. ಕಾಣದ ಚುಕ್ಕಿಗಳು ಇದ್ದವು ಎಂಬುದು ತಿಳಿಯುವ ದಾರಿ ಅವರಿಗಿರಲಿಲ್ಲ. ಗ್ಲಾಕೋಮಾದವನಿಗೆ ಕಣ್ಣೆದುರು ಕಪ್ಪು ಕಲೆ ತೋರುವುದಿಲ್ಲ. ನಷ್ಟವಾದ ಜಾಗವನ್ನು ಮಿದುಳು ಸುತ್ತಲಿನ ಬಣ್ಣದಿಂದ ತುಂಬಿಕೊಡುತ್ತದೆ. ಕಾಣಿಸುತ್ತಿಲ್ಲ ಎಂಬುದೇ ಕಾಣಿಸದಿರುವ ಸ್ಥಿತಿ ಇದು. ಭಾಷೆಯನ್ನು ಓದುವವರಾದ ನಮಗೆ ಇದನ್ನು ಬೇರೆಡೆಗೂ ಅನ್ವಯಿಸುವ ಆಸೆ ಹುಟ್ಟುತ್ತದೆ. ಆದರೆ ಆ ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ನೆನಪಾದದ್ದು ಚೆಲ್ಲಿದ ಚಹಾ ಒಂದೇ.

ಈ ರೋಗಕ್ಕೆ ನಮ್ಮ ಮನೆಮಾತಿನಲ್ಲಿ ಹೆಸರಿರಲಿಲ್ಲ. ಕಣ್ಣಿನ ಪೊರೆಯನ್ನು ಎಲ್ಲರೂ ಬಲ್ಲರು. ಪೊರೆ ತೆಗೆದರೆ ಕಾಣಿಸುತ್ತದೆ ಎಂಬುದನ್ನೂ ಬಲ್ಲರು. ಮರಾಠಿಯವರು ಪೊರೆಗೆ ಮೋತಿಬಿಂದು, ಇದಕ್ಕೆ ಕಾಚಬಿಂದು ಎಂದು ಎರಡು ಮಾತು ಇಟ್ಟುಕೊಂಡಿದ್ದಾರೆ. ಗ್ಲಾಕೋಮಾ ಎಂಬುದು ಗ್ರೀಕರ ಮಾತು. ನೀಲಿಯೂ ಹಸಿರೂ ಬೂದೂ ಬೆರೆತ ಒಂದು ಬಣ್ಣವನ್ನು ಸೂಚಿಸುವ ಪದದಿಂದ ಹುಟ್ಟಿದ್ದು. ಹೆಸರಿಲ್ಲದ ರೋಗವನ್ನು ಮನೆಯವರಿಗೆ ವಿವರಿಸುವ ಹೊಣೆ ಅಪ್ಪನ ಮೇಲೆಯೇ ಬಿತ್ತು. ಅವರು ಅಡಿಕೆತೋಟದ ಭಾಷೆಯಲ್ಲಿ ವಿವರಿಸಿದರು.

ನಮ್ಮ ಕಡೆ ತೋಟದ ಸಾಲುಗಳ ನಡುವೆ ತೋಡುವ ನೀರುಕಾಲುವೆಗೆ ಕಣಿ ಎನ್ನುತ್ತಾರೆ. ಬುಡದಲ್ಲಿ ನಿಂತ ನೀರು ಕಣಿಯ ಮೂಲಕ ಹೊರಗೆ ಹೋಗಬೇಕು. ಕಣಿಯಲ್ಲಿ ಹೂಳು ತುಂಬಿದರೆ ಬೇರು ಕೊಳೆಯುತ್ತದೆ, ಮರದ ತಲೆ ಹಳದಿಯಾಗುತ್ತದೆ. ಕಣ್ಣಿನ ಮುಂಭಾಗದಲ್ಲಿಯೂ ಒಂದು ತಿಳಿನೀರು ಹಗಲಿರುಳು ಉತ್ಪತ್ತಿಯಾಗುತ್ತಿರುತ್ತದೆ. ಇದು ಕಣ್ಣೀರಲ್ಲ, ಹೊರಗೆ ಬಾರದ, ಕಣ್ಣಿನೊಳಗೆಯೇ ಹರಿದು ಮಸೂರಕ್ಕೂ ಪಾರದರ್ಶಕ ಪಟಲಕ್ಕೂ ಪೋಷಣೆ ಕೊಡುವ ನೀರು. ನಿಮಿಷಕ್ಕೆ ಎರಡು–ಮೂರು ಮೈಕ್ರೋಲೀಟರಿನಷ್ಟು. ಔಷಧದ ಬಾಟಲಿಯಿಂದ ಬೀಳುವ ಒಂದು ಹನಿಯಷ್ಟು ಆಗಬೇಕಾದರೆ ಕಾಲು ಗಂಟೆಯಾದರೂ ಬೇಕು. ಅಷ್ಟು ಅಲ್ಪವಾದ ನೀರು ಕಣ್ಣಿನ ಅಂಚಿನ ಜಾಲರಿಯಂಥ ಅಂಗಾಂಶದ ಮೂಲಕ ಸೋಸಿ ರಕ್ತಕ್ಕೆ ಸೇರುತ್ತದೆ. ಆ ಜಾಲರಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರುತ್ತದೆ. ಸಾಮಾನ್ಯರಲ್ಲಿ ಅದು ಪಾದರಸದ 10ರಿಂದ 21 ಮಿಲಿಮೀಟರಿನ ನಡುವೆ ಇರುತ್ತದೆ. ಏರಿದ ಒತ್ತಡದಲ್ಲಿ ಹಿಂಬದಿಯ ದೃಷ್ಟಿನರದ ಹತ್ತು ಲಕ್ಷಕ್ಕೂ ಮಿಕ್ಕಿದ ತಂತುಗಳು ಒಂದೊಂದಾಗಿ ಸಾಯುತ್ತವೆ. ಸತ್ತ ತಂತು ಮತ್ತೆ ಹುಟ್ಟುವುದಿಲ್ಲ. 'ಕಣಿ ಮುಚ್ಚಿದೆ, ಬೇರು ಕೊಳೆಯುತ್ತಿದೆ. ಕೊಳೆತ ಬೇರು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬೇಕು' ಎಂದರು ಅಪ್ಪ. ಅಮ್ಮನಿಗೆ ತಕ್ಷಣ ಅರ್ಥವಾಯಿತು.

ಆದರೂ ಅವರು ನಡುವೆ ಸುಮಾರು ಹತ್ತು ತಿಂಗಳು ಔಷಧದ ಹನಿ ಹಾಕುವುದನ್ನು ಬಿಟ್ಟಿದ್ದರು. ನಮಗೆ ತಿಳಿಸಲಿಲ್ಲ. ಕೇಳಿದಾಗ, 'ಹಾಕಿದರೂ ಕಾಣುವುದು ಹೆಚ್ಚಾಗಲಿಲ್ಲ. ಕಣ್ಣು ಉರಿಯುವುದು ಮಾತ್ರ ಹೆಚ್ಚಾಯಿತು' ಎಂದರು. ಈ ಚಿಕಿತ್ಸೆಯ ಕಷ್ಟ ಇಲ್ಲಿದೆ. ಜ್ವರದ ಮಾತ್ರೆ ತಿಂದವನಿಗೆ ಜ್ವರ ಇಳಿದದ್ದು ತಿಳಿಯುತ್ತದೆ. ಗ್ಲಾಕೋಮಾದ ಹನಿ ಹಾಕಿದವನಿಗೆ ಸಿಗುವ ಫಲವೆಂದರೆ ನಾಳೆಯೂ ಇಂದಿನಷ್ಟೇ ಕಾಣುವುದು. ಏನೂ ಆಗದಿರುವುದನ್ನು ಲಾಭವೆಂದು ನಂಬಿ ದಿನಕ್ಕೆ ಮೂರು ಹೊತ್ತು ನಿಷ್ಠೆಯಿಂದಿರುವುದು ಸುಲಭದ ಮಾತಲ್ಲ.

2018ರಲ್ಲಿ ಎಡಗಣ್ಣಿಗೆ ಮೊದಲ ಶಸ್ತ್ರಚಿಕಿತ್ಸೆಯಾಯಿತು. ಕಣ್ಣಿನ ಬಿಳಿಯ ಗೋಡೆಯಲ್ಲಿ ಸಣ್ಣ ಬಾಗಿಲೊಂದನ್ನು ಮಾಡಿ ನೀರನ್ನು ಹೊರಪೊರೆಯ ಅಡಿಗೆ ಹರಿಸುವ, ಟ್ರಾಬೆಕ್ಯುಲೆಕ್ಟಮಿ ಎಂಬ ವಿಧಾನ ಅದು. 1968ರಿಂದ ಜಗತ್ತಿನೆಲ್ಲೆಡೆ ರೂಢಿಯಲ್ಲಿರುವುದು. ಮೊದಲು ಒತ್ತಡ ಚೆನ್ನಾಗಿಯೇ ಇಳಿಯಿತು. ಆದರೆ ಒಂದು ವರ್ಷ ತುಂಬುವಷ್ಟರಲ್ಲಿ ಗಾಯ ಮಾಗಿ, ಆ ಬಾಗಿಲು ಮುಚ್ಚಿಕೊಂಡಿತು. 'ತೋಡಿದ ಕಣಿ ಒಂದೇ ಮಳೆಗಾಲಕ್ಕೆ ಹೂತುಹೋಯಿತು' ಎಂದರು ಅಪ್ಪ. 2020ರ ಜನವರಿಯಲ್ಲಿ ಮೂರು ಬಗೆಯ ಹನಿಗಳ ನಡುವೆಯೂ ಒತ್ತಡ 32 ಇತ್ತು. ಬಲಗಣ್ಣಿನಲ್ಲಿ ಕೈಯಾಡಿಸಿದರೆ ತಿಳಿಯುವಷ್ಟೇ ಉಳಿದಿತ್ತು. ಎಡಗಣ್ಣು ಹೋದರೆ ಎಲ್ಲವೂ ಹೋದಂತೆ. ವೈದ್ಯೆ ಒಂದು ಮಾತು ಹೇಳಿದರು: 'ಮಾಷ್ಟ್ರೇ, ಇನ್ನು ಕಣ್ಣಿನೊಳಗೆ ಒಂದು ನಳಿಗೆ ಇಡುವುದೇ ಒಳ್ಳೆಯದು.'

ಆ ರಾತ್ರಿ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಕಣ್ಣಿನ ನೀರಿಗೆ ದಾರಿಮಾಡಿಕೊಡುವ ಪ್ರಯತ್ನದ ಕಥೆ ನೂರು ವರ್ಷಕ್ಕೂ ಹಳೆಯದು. 1907ರ ಸುಮಾರಿಗೆ ಫ್ರಾನ್ಸಿನಲ್ಲಿ ರೋಲೆ ಎಂಬ ವೈದ್ಯರು ಕುದುರೆಯ ಕೂದಲೊಂದನ್ನು ಕಣ್ಣಿನ ಒಳಗಿನಿಂದ ಹೊರಪೊರೆಯ ಅಡಿಗೆ ಹಾಯಿಸಿದರು. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಕೂದಲು ನೀರನ್ನು ಎಳೆದೀತೆಂಬ ಆಸೆ. 1912ರಲ್ಲಿ ಜೊರಾಬ್ ಎಂಬವರು ರೇಷ್ಮೆಯ ದಾರದಿಂದ ಅದನ್ನೇ ಮಾಡಿದರು. ಚಿನ್ನ, ಪ್ಲಾಟಿನಂ, ಗಾಜು ಎಲ್ಲವನ್ನೂ ಜನ ಪ್ರಯತ್ನಿಸಿದರು. ಎಲ್ಲವೂ ಸೋತದ್ದು ಒಂದೇ ಕಾರಣದಿಂದ: ದೇಹ ಗಾಯವನ್ನು ಮಾಗಿಸುತ್ತದೆ. ದಾರಿಯ ಕೊನೆಯಲ್ಲಿ ಗಟ್ಟಿ ಅಂಗಾಂಶ ಬೆಳೆದು ಬಾಯಿ ಮುಚ್ಚುತ್ತದೆ. ಬೇರೆ ಕಡೆಗಳಲ್ಲೆಲ್ಲ ನಮ್ಮನ್ನು ಕಾಯುವ ಗುಣವೇ ಇಲ್ಲಿ ವೈರಿಯಾಗುತ್ತದೆ.

ಈ ತೊಡಕನ್ನು ಬಿಡಿಸಿದವರು ದಕ್ಷಿಣ ಆಫ್ರಿಕಾದಲ್ಲಿದ್ದ, ಮುಂದೆ ನ್ಯೂಜಿಲೆಂಡಿಗೆ ಹೋಗಿ ನೆಲೆಸಿದ ಆಂಥನಿ ಮೊಲ್ಟೆನೊ. 1969ರಲ್ಲಿ ಅವರು ಸಣ್ಣ ನಳಿಗೆಯ ತುದಿಗೆ ಒಂದು ತಟ್ಟೆಯನ್ನು ಜೋಡಿಸಿದರು. ಕೆಲವು ವರ್ಷಗಳಲ್ಲಿಯೇ ನಳಿಗೆಯನ್ನು ಉದ್ದಮಾಡಿ, ತಟ್ಟೆಯನ್ನು ಕಣ್ಣುಗುಡ್ಡೆಯ ಹಿಂಬದಿಗೆ ಒಯ್ದರು. ಮಾಗುವ ದೇಹದೊಡನೆ ಅವರು ಜಗಳವಾಡಲಿಲ್ಲ. ತಟ್ಟೆಯ ಸುತ್ತ ಅಂಗಾಂಶ ಬೆಳೆಯಲಿ, ಒಂದು ಚೀಲವಾಗಲಿ; ನೀರು ಆ ಚೀಲದಲ್ಲಿ ಹರಡಿ ಅದರ ಗೋಡೆಯ ಮೂಲಕ ನಿಧಾನವಾಗಿ ಇಂಗಲಿ ಎಂದರು. ಇಂದು ಬಳಕೆಯಲ್ಲಿರುವ ತಟ್ಟೆಯ ಸಾಧನಗಳೆಲ್ಲವೂ ಈ ಒಂದು ಯೋಚನೆಯ ಸಂತತಿ. ಅವುಗಳಲ್ಲಿ ಎರಡು ಪಂಗಡ. 1993ರಲ್ಲಿ ಬಂದ ಅಹ್ಮದ್ ಸಾಧನಕ್ಕೆ ಒಳಗೆ ಕವಾಟವಿದೆ. ಒತ್ತಡ ಒಂದು ಮಿತಿ ಮೀರಿದರೆ ಮಾತ್ರ ಅದು ತೆರೆಯುತ್ತದೆ. ಬಾರ್ವೆಲ್ಟ್ ಮಾದರಿಗೆ ಕವಾಟವಿಲ್ಲ. ಆದರೆ ತಟ್ಟೆ ದೊಡ್ಡದು. ಆ ಮಾದರಿಯನ್ನು ಅನುಸರಿಸಿ ಮಧುರೆಯ ಅರೋಲ್ಯಾಬ್ ಸಂಸ್ಥೆ ತಯಾರಿಸುವ ಸಾಧನ 2013ರಿಂದ ನಮ್ಮ ದೇಶದಲ್ಲಿ ದೊರೆಯುತ್ತಿದೆ. ಪೊರೆಯ ಶಸ್ತ್ರಚಿಕಿತ್ಸೆಯ ಮಸೂರವನ್ನು ಬಡವರಿಗೆ ಎಟಕುವ ಬೆಲೆಯಲ್ಲಿ ಮಾಡಬೇಕೆಂದು 1992ರಲ್ಲಿ ಆರಂಭವಾದ ಸಂಸ್ಥೆ ಅದು. ಪರದೇಶದ ಸಾಧನದ ಬೆಲೆ ಕೇಳಿ ಪಿಂಚಣಿಯ ಪುಸ್ತಕ ತೆರೆದು ಕುಳಿತಿದ್ದ ಅಪ್ಪ, ಮಧುರೆಯದರ ಬೆಲೆ ಕೇಳಿ ಪುಸ್ತಕ ಮುಚ್ಚಿದರು.

2020ರ ಮಾರ್ಚ್ 2, ಸೋಮವಾರ, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಹಿಂದಿನ ದಿನ ವೈದ್ಯೆ ಆ ಸಾಧನವನ್ನು ತೋರಿಸಿದ್ದರು. ಮೆತ್ತನೆಯ ಸಿಲಿಕೋನಿನದು; ರೆಕ್ಕೆಯಂತೆ ಬಾಗಿದ, 350 ಚದರ ಮಿಲಿಮೀಟರ್ ವಿಸ್ತಾರದ ತಟ್ಟೆ; ಅದರಿಂದ ಹೊರಟ, ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದಪ್ಪನೆಯ ನಳಿಗೆ. ತಟ್ಟೆಯನ್ನು ಕಣ್ಣುಗುಡ್ಡೆಯ ಮೇಲ್ಬದಿಯ ಹೊರಮೂಲೆಯಲ್ಲಿ, ಕಣ್ಣನ್ನು ತಿರುಗಿಸುವ ಸ್ನಾಯುಗಳ ಅಡಿಗೆ ಸೇರಿಸಿ ಹೊಲಿಯುತ್ತಾರೆ. ನಳಿಗೆಯ ತುದಿ ಕಣ್ಣಿನ ಮುಂಗೋಣೆಯೊಳಗೆ ಇಣುಕುತ್ತದೆ. ಹೊರಗಿನಿಂದ ನೋಡುವವರಿಗೆ ಏನೂ ತೋರುವುದಿಲ್ಲ.

ಎರಡು ವಿಷಯಗಳನ್ನು ವೈದ್ಯೆ ಒತ್ತಿಹೇಳಿದರು. ಮೊದಲನೆಯದು, ನಳಿಗೆ ಹೊರಪೊರೆಯನ್ನು ಉಜ್ಜಿ ಹರಿಯದಂತೆ ಅದರ ಮೇಲೊಂದು ತೇಪೆ ಹಾಕುತ್ತಾರೆ. ಅದು ದಾನಿಯೊಬ್ಬರ ಕಣ್ಣಿನ ಬಿಳಿಗೋಡೆಯ ತುಂಡು. 'ಯಾರದು?' ಎಂದು ಅಪ್ಪ ಕೇಳಿದರು. 'ಹೇಳುವ ಕ್ರಮವಿಲ್ಲ, ಮಾಷ್ಟ್ರೇ.' ಅಪ್ಪ ಸುಮ್ಮನಾದರು. 2006ರಲ್ಲಿ ರಾಜಕುಮಾರರು ಕಣ್ಣು ದಾನ ಮಾಡಿದಾಗ ಶಾಲೆಯ ಸಭೆಯಲ್ಲಿ ಅವರೇ ಭಾಷಣ ಮಾಡಿದ್ದರು. ಸ್ವತಃ ಹೆಸರು ಬರೆಸಿರಲಿಲ್ಲ. ಆಸ್ಪತ್ರೆಯಿಂದ ಹೊರಡುವ ದಿನ ಆ ಅರ್ಜಿಯನ್ನು ಕೇಳಿ ತೆಗೆದುಕೊಂಡರು. 'ನನ್ನ ಕಣ್ಣು ಯಾರಿಗೆ ಬೇಕು?' ಎಂಬ ಅವರ ಸಂಶಯಕ್ಕೆ, ಗ್ಲಾಕೋಮಾದಲ್ಲಿ ಕೆಡುವುದು ಹಿಂದಿನ ನರ, ಮುಂದಿನ ಪಾರದರ್ಶಕ ಪಟಲ ಬೇರೆಯವರಿಗೆ ಉಪಯೋಗಕ್ಕೆ ಬರಬಹುದು ಎಂದು ವೈದ್ಯೆ ಉತ್ತರಿಸಿದರು.

ಎರಡನೆಯ ವಿಷಯ ನಮ್ಮನ್ನು ಮುಂದೆ ಕಾಡಿದ್ದು. ಕವಾಟವಿಲ್ಲದ ನಳಿಗೆಯನ್ನು ತಟ್ಟೆಯ ಸುತ್ತ ಚೀಲ ಬೆಳೆಯುವ ಮೊದಲೇ ಹರಿಯಬಿಟ್ಟರೆ ನೀರೆಲ್ಲ ಒಮ್ಮೆಲೇ ಹೊರಹೋಗಿ ಕಣ್ಣು ಕುಸಿಯುತ್ತದೆ. ಆದುದರಿಂದ ನಳಿಗೆಯನ್ನು ಒಂದು ದಾರದಿಂದ ಬಿಗಿದು ಕಟ್ಟುತ್ತಾರೆ. ಆ ದಾರ ತಾನಾಗಿಯೇ ಕರಗುವಂಥದು. ಸುಮಾರು ಐದು–ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಹನಿ, ಮಾತ್ರೆಗಳಿಂದಲೇ ಒತ್ತಡವನ್ನು ಹಿಡಿದಿಡಬೇಕು. ಕರಗಿದ ದಿನ ಒತ್ತಡ ತಟ್ಟನೆ ಇಳಿಯುತ್ತದೆ. ಅತಿಯಾಗಿ ಇಳಿದರೆ ಅಪಾಯ. ಆ ದಿನಗಳಲ್ಲಿ ಕಣ್ಣನ್ನು ಕೂಡಲೇ ನೋಡಬೇಕು. ಅಪ್ಪ ಕೇಳಿ ತಲೆದೂಗಿದರು. ಮಳೆಗಾಲ ಮುಗಿದ ಮೇಲೆ ತೋಡುಗಳಿಗೆ ಅಡ್ಡವಾಗಿ ಕಲ್ಲುಮಣ್ಣಿನ ಕಟ್ಟ ಕಟ್ಟಿ ನೀರು ನಿಲ್ಲಿಸಿ, ಮುಂದಿನ ಮಳೆಗೆ ಅದನ್ನು ಹೋಗಗೊಡುವುದು ನಮ್ಮ ಸೀಮೆಯ ಹಳೆಯ ಪದ್ಧತಿ. 'ಕಣಿಗೆ ಒಂದು ಕಟ್ಟ. ಅದು ಒಡೆಯುವ ಹೊತ್ತಿಗೆ ಕಾವಲು ಬೇಕು, ಅಷ್ಟೇ ತಾನೆ?' ಎಂದರು. ಆರು ವಾರ ಎಣಿಸಿ ನಾನು ಗೋಡೆಯ ಪಂಚಾಂಗದಲ್ಲಿ ಏಪ್ರಿಲ್ 13ಕ್ಕೆ ಗುರುತು ಹಾಕಿದೆ. ಮರುದಿನ ಬಿಸು.

ಆಮೇಲಿನದು ನಿಮ್ಮಲ್ಲಿ ಅನೇಕರು ಕಂಡುಂಡದ್ದು. ಮಾರ್ಚ್ ಕೊನೆಯ ವಾರದಲ್ಲಿ ದೇಶವೇ ಮುಚ್ಚಿತು; ತಲಪಾಡಿಯ ಗಡಿಯೂ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದು ರಾಶಿ ಹಾಕಿದರು. ಹುಟ್ಟಿದಾರಭ್ಯ ಜ್ವರ ಬಂದರೆ, ಹೆರಿಗೆಯಾದರೆ, ಪುಸ್ತಕ ಬೇಕಾದರೆ ಮಂಗಳೂರಿಗೆ ಹೋಗಿಬಂದ ನಮಗೆ ಆ ಗಡಿಯೆಂದರೆ ಬಸ್ಸಿನ ಕಿಟಕಿಯಲ್ಲಿ ಬದಲಾಗುವ ಬೋರ್ಡುಗಳ ಲಿಪಿ ಮಾತ್ರವಾಗಿತ್ತು. ಚಿಕಿತ್ಸೆಗೆ ದಾಟಲಾಗದೆ ಜನ ಸತ್ತ ಸುದ್ದಿಗಳು ದಿನವೂ ಬರತೊಡಗಿದವು. ಏಪ್ರಿಲ್ 1ರಂದು ಕೇರಳದ ಹೈಕೋರ್ಟು ದಾರಿ ತೆರವುಗೊಳಿಸುವಂತೆ ಕೇಂದ್ರಕ್ಕೆ ನಿರ್ದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ಕಡೆಯವರು ಒಪ್ಪಿದ್ದಾರೆಂದು ಏಪ್ರಿಲ್ 7ರಂದು ಪ್ರಕರಣ ಮುಗಿಯಿತು. ಆದರೆ ನಡೆಯಬಲ್ಲ, ಮಾತನಾಡಬಲ್ಲ, ಹೊರಗೆ ಗಾಯವೂ ಕಾಣದ ಮುದುಕರೊಬ್ಬರ ಕಣ್ಣಿನೊಳಗೆ ದಾರವೊಂದು ಕರಗುತ್ತಿದೆ ಎಂಬುದು ತುರ್ತು ಎಂದು ಯಾರಿಗೆ ಹೇಗೆ ತೋರಿಸಿಕೊಡುವುದು? ಈ ಪ್ರಶ್ನೆ ರಾತ್ರಿಗಳಲ್ಲಿ ನನ್ನನ್ನು ಕೊರೆಯುತ್ತಿತ್ತು. ಅಪ್ಪ ಮಾತ್ರ ಹನಿಗಳ ಹೊತ್ತನ್ನು ಶಾಲೆಯ ಗಂಟೆಯಷ್ಟು ಕರಾರುವಾಕ್ಕಾಗಿ ಪಾಲಿಸುತ್ತಿದ್ದರು.

ಬಿಸುವಿನ ನಸುಕಿನಲ್ಲಿ ಅಮ್ಮ ಪದ್ಧತಿಯಂತೆ ಕಣಿ ಇಟ್ಟಿದ್ದರು. ಸೌತೆಕಾಯಿ, ತೆಂಗಿನಕಾಯಿ, ಗೇರುಹಣ್ಣು, ಕಕ್ಕೆ ಹೂ, ಮಡಿಬಟ್ಟೆ, ನಡುವೆ ಕನ್ನಡಿ. ಎದ್ದವರು ಕಣ್ಣು ಮುಚ್ಚಿಕೊಂಡೇ ಬಂದು ಮೊದಲು ನೋಡಬೇಕಾದದ್ದು ಅದನ್ನು. ಅಪ್ಪನನ್ನು ಕೈ ಹಿಡಿದು ಕರೆತಂದು ಕೂರಿಸಿದೆ. ಅವರು ಎಡಗಣ್ಣಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ದೀರ್ಘಕಾಲ ನೋಡಿದರು. 'ಸೌತೆಕಾಯಿ ಇದೆ. ಹೂ ಇದೆ. ಕನ್ನಡಿಯಲ್ಲಿ ಯಾರೋ ಮಂಜಿನಲ್ಲಿ ನಿಂತಿದ್ದಾರೆ' ಎಂದರು. ಸ್ವಲ್ಪ ತಡೆದು, 'ನಿನ್ನೆ ಈ ಮಂಜು ಇರಲಿಲ್ಲ, ಮಗಳೇ' ಎಂದರು.

ಮಂಗಳೂರಿನ ವೈದ್ಯೆ ಎರಡನೆಯ ಕರೆಗೆ ಸಿಕ್ಕಿದರು. ನೋವು ಇದೆಯೇ, ವಾಂತಿ ಬರುತ್ತದೆಯೇ, ಒಂದು ಮಾರು ದೂರದಿಂದ ಬೆರಳು ಎಣಿಸಬಲ್ಲರೇ ಎಂದು ಒಂದೊಂದಾಗಿ ಕೇಳಿದರು. ಕಣ್ಣಿನ ಫೋಟೋ ತರಿಸಿಕೊಂಡರು. 'ದಾರ ಬಿಚ್ಚಿಕೊಂಡಂತಿದೆ. ಒತ್ತಡ ಎಷ್ಟಿದೆಯೆಂದು ತಿಳಿಯದೆ ನಾನು ಯಾವ ಔಷಧ ನಿಲ್ಲಿಸಲಿ? ಒತ್ತಡ ಅಳೆಯುವ ಉಪಕರಣ ಇರುವ ಯಾರಾದರೂ ನಿಮ್ಮ ಹತ್ತಿರ ಇದ್ದಾರೆಯೇ ನೋಡಿ' ಎಂದರು.

ಇದ್ದರು. ಎಂಟು ಕಿಲೋಮೀಟರ್ ದೂರದ ಪೇಟೆಯಲ್ಲಿ ಮಲಯಾಳಿ ವೈದ್ಯರೊಬ್ಬರ ಸಣ್ಣ ಕಣ್ಣಿನ ಚಿಕಿತ್ಸಾಲಯ. ಎಷ್ಟೋ ವರ್ಷಗಳಿಂದ ಆ ಬೋರ್ಡಿನ ಮುಂದೆ ಹಾದುಹೋಗಿದ್ದೆವು; ಒಳಗೆ ಹೋದವರಲ್ಲ. ನಮ್ಮ ಕಣ್ಣು ಯಾವಾಗಲೂ ಉತ್ತರಕ್ಕಿತ್ತು. ಹಬ್ಬದ ದಿನ, ಊರೆಲ್ಲ ಮುಚ್ಚಿದ ದಿನ, ಅವರು ಬಂದು ಬಾಗಿಲು ತೆರೆಯುತ್ತೇನೆಂದರು. ಹೊರಗೆ ಹೊರಡಬೇಕಾದರೆ ಪೊಲೀಸರಿಗೆ ತೋರಿಸಲು ಕೈಬರಹದ ಪ್ರಮಾಣಪತ್ರ ಬೇಕಿತ್ತು. ಮಲಯಾಳದಲ್ಲಿ ಅದಕ್ಕೆ ಸತ್ಯವಾಙ್ಮೂಲಂ ಎನ್ನುತ್ತಾರೆ. ನಾನು ಹಾಳೆಯ ಮೇಲೆ ಮಲಯಾಳದ ಲಿಪಿಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಅಪ್ಪನ ಹೆಸರು, ವಯಸ್ಸು, ಹೊರಡುವ ಕಾರಣ ಬರೆದೆ. ಕನ್ನಡವನ್ನು ಉಳಿಸಿಕೊಳ್ಳುವ ಹಟದಲ್ಲಿ ಮಲಯಾಳವನ್ನು ಬೇಕೆಂದೇ ಅರ್ಧಕ್ಕೆ ಕಲಿತಿದ್ದವಳು ನಾನು. ಆ ಬೆಳಿಗ್ಗೆ ನನ್ನ ಕೈ ನಡುಗಿದ್ದಕ್ಕೆ ಭಯದ ಜೊತೆಗೆ ನಾಚಿಕೆಯೂ ಕಾರಣವಾಗಿತ್ತು.

'ಮಾಷೇ, ಪೇಡಿಕ್ಕೇಂಡ' ಎಂದರು ವೈದ್ಯರು, ಹೆದರಬೇಡಿ ಎಂದು. ಮುಖಗವಸಿನ ಮೇಲೆ ಅವರ ಕಣ್ಣುಗಳಷ್ಟೇ ಕಾಣುತ್ತಿದ್ದವು. ಹನಿ ಹಾಕಿ, ನೀಲಿ ಬೆಳಕಿನಲ್ಲಿ ಅಳೆದರು. ಒತ್ತಡ 6. ಮುಂಗೋಣೆ ಸ್ವಲ್ಪ ತಗ್ಗಿದೆ, ಕುಸಿದಿಲ್ಲ ಎಂದರು. ಈ ಸಾಧನವನ್ನು ತಾವು ಇಟ್ಟವರಲ್ಲ ಎಂದು ಮೊದಲೇ ಹೇಳಿ, ಮಂಗಳೂರಿನ ವೈದ್ಯೆಗೆ ತಾವೇ ಫೋನು ಮಾಡಿದರು. ಗಡಿಯ ಎರಡು ಬದಿಯ ಇಬ್ಬರು ಇಂಗ್ಲಿಷಿನಲ್ಲಿಯೂ ಮಲಯಾಳದಲ್ಲಿಯೂ ಹತ್ತು ನಿಮಿಷ ಮಾತನಾಡಿ, ಒತ್ತಡ ಇಳಿಸುವ ಹನಿಗಳನ್ನೂ ಮಾತ್ರೆಯನ್ನೂ ನಿಲ್ಲಿಸಿ, ಉರಿಯೂತ ತಗ್ಗಿಸುವ ಹನಿಯನ್ನು ಮುಂದುವರಿಸಿ, ಪಾಪೆ ಹಿಗ್ಗಿಸುವ ಹನಿಯೊಂದನ್ನು ಸೇರಿಸಿದರು. ನಾಲ್ಕು ದಿನಗಳ ಬಳಿಕ ಒತ್ತಡ 9. ಮೂರು ವಾರಕ್ಕೆ 13. ಮಂಜು ಸರಿಯಿತು. ವೈದ್ಯರು ಹಣ ತೆಗೆದುಕೊಳ್ಳಲಿಲ್ಲ. ತಮಗೂ ಶಾಲೆಯಲ್ಲಿ ಕನ್ನಡದ ಮಾಷೊಬ್ಬರು ಗಣಿತ ಕಲಿಸಿದ್ದರೆಂದಷ್ಟೇ ಹೇಳಿದರು.

ಐಚ್ಛಿಕ ಕನ್ನಡ ಓದುತ್ತಿರುವ ನಿಮಗೆ ಒಂದು ಪದದ ವಿಚಾರ ಹೇಳಬೇಕು. ನೀರು ಹರಿಯುವ ತೋಡೂ ಕಣಿ. ಬಿಸುವಿನ ಬೆಳಗಿನ ಮೊದಲ ನೋಟವೂ ಕಣಿ. ಮುಂದಾಗುವುದನ್ನು ಹೇಳುವ ಮಾತೂ ಕಣಿ. ನೋಟದ ಕಣಿಗೆ ಕಣ್ಣಿನ ನಂಟಿದೆ. ತೋಡಿನ ಕಣಿ ಬೇರೆ ಮೂಲದ್ದಿರಬಹುದು, ಅದನ್ನು ನಿಘಂಟು ಹಿಡಿದು ನೀವೇ ಶೋಧಿಸಿ. ನಮ್ಮ ಮನೆಯಲ್ಲಂತೂ ಅವೆರಡೂ ಒಂದೇ ಆಗಿವೆ. ತೋಡಿನ ಕಣಿ ತೆರೆದದ್ದರಿಂದ ನೋಟದ ಕಣಿ ಉಳಿಯಿತು.

ಉಳಿಯಿತು ಎಂದೆನೇ ಹೊರತು ಮರಳಿತು ಎನ್ನಲಿಲ್ಲ. ಹೋದದ್ದು ಹೋಯಿತು. ಬಲಗಣ್ಣು ಹಾಗೆಯೇ ಇದೆ. ಎಡಗಣ್ಣಿನ ಅರ್ಧ ಕಪ್ಪು ಈಗಲೂ ಅರ್ಧ ಕಪ್ಪೇ. ನಾನು ಗದರಿಸಿದ ದಿನಗಳಲ್ಲಿ ಒಂದು ದಿನವಾದರೂ ಗದರುವ ಬದಲು ಕೇಳಿದ್ದರೆ ಇನ್ನೂ ಒಂದಿಷ್ಟು ಉಳಿಯುತ್ತಿತ್ತೋ ಏನೋ. ಮಡಿದ ತಂತುಗಳ ಲೆಕ್ಕವನ್ನು ಯಾರೂ ತಾರೀಕು ಹಾಕಿ ಬರೆದಿಟ್ಟಿರುವುದಿಲ್ಲವಾದ್ದರಿಂದ ಆ ಸಂಶಯ ನನ್ನೊಡನೆಯೇ ಇರುತ್ತದೆ. ತಂದೆತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಉಳಿದವರಿಗೆ ಬರುವ ಸಂಭವ ಹೆಚ್ಚು. ನಾನೀಗ ವರ್ಷಕ್ಕೊಮ್ಮೆ ಆ ಬಿಳಿಯ ಅರ್ಧಗೋಲದೊಳಕ್ಕೆ ಮುಖವಿಡುತ್ತೇನೆ. ಇದುವರೆಗೆ ತೊಂದರೆಯಿಲ್ಲ. ನಿಮ್ಮ ಮನೆಯಲ್ಲಿ ನಲ್ವತ್ತು ದಾಟಿದವರಿದ್ದರೆ, ಕನ್ನಡಕದಂಗಡಿಯ ಅಕ್ಷರದ ಹಲಗೆಯನ್ನು ನಂಬಿ ಸುಮ್ಮನಿರದೆ, ಕಣ್ಣಿನ ಒತ್ತಡವನ್ನೂ ನರವನ್ನೂ ಒಮ್ಮೆ ತೋರಿಸಿ. ಲೋಟ ಉರುಳಿಸುವ ಹಿರಿಯರಿದ್ದರೆ, ಗದರುವ ಮೊದಲು ತೋರಿಸಿ.

ಅಡಿಕೋಲು ಈಗಲೂ ಅಪ್ಪನ ಮೇಜಿನ ಮೇಲಿದೆ. ಅದರ ಅಂಕೆಗಳು ಅಳಿಸಿಹೋಗಿವೆ. ಕಳೆದ ವರ್ಷ ಮತ್ತೆ ದೇವೀಮಹಾತ್ಮೆ ನೋಡಲು ಹೋಗಿದ್ದೆವು. ಅವರು ನಡುವಿನ ಕುರ್ಚಿಯನ್ನು ಬಿಟ್ಟು, ಬಯಲಿನ ಬಲತುದಿಯಲ್ಲಿ ಓರೆಯಾಗಿ ಕುಳಿತರು. ಉಳಿದ ನೋಟದೊಳಗೆ ರಂಗವೂ ಸಭೆಯೂ ಆದಷ್ಟು ಹಿಡಿಯಲಿ ಎಂದು ಅವರೇ ಕಂಡುಕೊಂಡ ಜಾಗ ಅದು. ಮಧ್ಯರಾತ್ರಿ ದಾಟಿತು. ಚೆಂಡೆಯ ಪೆಟ್ಟು ಬದಲಾಯಿತು. ಅಪ್ಪ ನನ್ನ ಮೊಣಕೈ ಮುಟ್ಟಿ, 'ಯಾವ ಕಡೆಯಿಂದ ಬರುತ್ತಾನೆ, ಹೇಳು' ಎಂದರು. 'ಎಡಗಡೆಯಿಂದ, ಅಪ್ಪ. ಅರಳಿಕಟ್ಟೆಯ ಹತ್ತಿರ ದೊಂದಿ ಕಾಣುತ್ತಿದೆ' ಎಂದೆ. ಅವರು ಕುತ್ತಿಗೆಯನ್ನು ಪೂರ್ತಿಯಾಗಿ ಎಡಕ್ಕೆ ತಿರುಗಿಸಿ ಕಾದರು. ಬೆಂಕಿ ಹತ್ತಿರವಾಗುತ್ತ ಬಂತು. 'ಹಾಂ,' ಎಂದರು, 'ಬಂದ.'